ಅರವತ್ತು ಸ್ಟ್ರಿಪ್ ಅಲ್ಪ್ರಾಜೋಲಮ್: ಕೋಲಾರ ಜಿಲ್ಲೆಯ ಒಂದು ಎನ್‌ಡಿಪಿಎಸ್ ಪ್ರಕರಣದ ಅಧ್ಯಯನ

ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯ ಊರೊಂದರಲ್ಲಿ ಔಷಧ ಅಂಗಡಿಯ ಸಹಾಯಕನಾಗಿದ್ದ ಇಪ್ಪತ್ತು ವರ್ಷದ ಹುಡುಗನನ್ನು, ಆಂಧ್ರದ ಗಡಿಯತ್ತ ಹೋಗುವ ರಸ್ತೆಯಲ್ಲಿ ಒಂದು ಸಂಜೆ ವಾಹನ ತಪಾಸಣೆಗೆ ನಿಂತಿದ್ದ ಪೊಲೀಸರು ತಡೆದರು. ಬೈಕಿನ ಹ್ಯಾಂಡಲಿಗೆ ನೇತುಹಾಕಿದ್ದ ಬಟ್ಟೆ ಚೀಲದಲ್ಲಿ, ಆತಂಕದ ಕಾಯಿಲೆಗೆ ಕೊಡುವ ಅಲ್ಪ್ರಾಜೋಲಮ್ 0.5 ಮಿಲಿಗ್ರಾಂ ಮಾತ್ರೆಯ 60 ಸ್ಟ್ರಿಪ್‌ಗಳಿದ್ದವು. ಸ್ಟ್ರಿಪ್ ಒಂದಕ್ಕೆ 15ರಂತೆ ಒಟ್ಟು 900 ಮಾತ್ರೆಗಳು. ಬಿಲ್ ಇರಲಿಲ್ಲ, ಎರಡು ಸಾಲಿನ ಒಂದು ಕೈಬರಹದ ಚೀಟಿ ಮಾತ್ರ ಇತ್ತು. ಅಂಗಡಿಯ ಮಾಲೀಕರು ತಮ್ಮ ಸಂಬಂಧಿಕರ ಇನ್ನೊಂದು ಅಂಗಡಿಗೆ ಕೊಟ್ಟು ಬಾ ಎಂದು ಕಳುಹಿಸಿದ್ದಾಗಿ ಹುಡುಗ ಹೇಳಿದ. ಆ ಇನ್ನೊಂದು ಅಂಗಡಿಯ ಪರವಾನಗಿಯನ್ನು ಔಷಧ ನಿಯಂತ್ರಣ ಇಲಾಖೆಯು ದಾಖಲೆ ಲೋಪಕ್ಕಾಗಿ ಅಮಾನತಿನಲ್ಲಿ ಇಟ್ಟಿತ್ತು ಎಂಬುದು ತನಿಖೆಯಲ್ಲಿ ಹೊರಬಂತು.

ಈ ಪ್ರಕರಣದಲ್ಲಿ ನಾನು ಹುಡುಗನ ಪರವಾಗಿ ಮಾತ್ರ ವಕಾಲತ್ತು ಹಾಕಿದ್ದೆ. ಮಾಲೀಕರೂ ನನ್ನನ್ನೇ ಕೇಳಿಕೊಂಡಿದ್ದರು. ಆದರೆ ಒಬ್ಬರ ರಕ್ಷಣೆ ಇನ್ನೊಬ್ಬರ ಮೇಲೆ ಬೊಟ್ಟು ಮಾಡದೆ ನಿಲ್ಲುವಂತಿರಲಿಲ್ಲವಾದ್ದರಿಂದ ಬೇರೆ ವಕೀಲರನ್ನು ಇಟ್ಟುಕೊಳ್ಳಲು ಹೇಳಿದೆ. ಗುರುತು ಸಿಗುವ ವಿವರಗಳನ್ನು ಇಲ್ಲಿ ಬಿಟ್ಟಿದ್ದೇನೆ. ಕಿರಿಯ ವಕೀಲರಿಗೂ ಔಷಧ ಅಂಗಡಿ ನಡೆಸುವವರಿಗೂ ಈ ಪ್ರಕರಣದಿಂದ ತಿಳಿಯಬೇಕಾದದ್ದು ಹೆಸರುಗಳಲ್ಲಿಲ್ಲ, ಲೆಕ್ಕದಲ್ಲಿದೆ.

ಸ್ಥಳದಲ್ಲಿ ಬರೆದ ಮಹಜರಿನಲ್ಲಿ ವಶಪಡಿಸಿಕೊಂಡ ವಸ್ತುವನ್ನು ‘ನಿಷೇಧಿತ ಮಾದಕ ಮಾತ್ರೆಗಳು’ ಎಂದು ಕರೆಯಲಾಗಿತ್ತು. ಹತ್ತಿರದ ಒಡವೆ ಅಂಗಡಿಯಿಂದ ತರಿಸಿದ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಸ್ಟ್ರಿಪ್‌ಗಳ ಸಮೇತ ತೂಗಿ 145 ಗ್ರಾಂ ಎಂದು ನಮೂದಿಸಲಾಗಿತ್ತು. ಅಲ್ಪ್ರಾಜೋಲಮ್‌ಗೆ ಕೇಂದ್ರ ಸರ್ಕಾರದ 2001ರ ಅಧಿಸೂಚನೆಯಲ್ಲಿ ಅಲ್ಪ ಪ್ರಮಾಣವೆಂದರೆ 5 ಗ್ರಾಂ, ವಾಣಿಜ್ಯ ಪ್ರಮಾಣವೆಂದರೆ 100 ಗ್ರಾಂಗಿಂತ ಹೆಚ್ಚು. ಹೀಗಾಗಿ ಪ್ರಥಮ ವರ್ತಮಾನ ವರದಿಯಲ್ಲಿ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕ ದ್ರವ್ಯಗಳು ಮತ್ತು ಮನೋಪರಿಣಾಮಕ ವಸ್ತುಗಳ ಕಾಯ್ದೆಯ, ಕಲಂ 8(ಸಿ) ಜೊತೆಗೆ 22(ಸಿ) ಸೇರಿತು. 22(ಸಿ) ಎಂದರೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಕಠಿಣ ಶಿಕ್ಷೆ ಮತ್ತು ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಅದಕ್ಕೂ ಮೊದಲು ಎದುರಾಗುವುದು ಕಲಂ 37: ವಾಣಿಜ್ಯ ಪ್ರಮಾಣದ ಪ್ರಕರಣದಲ್ಲಿ, ಆರೋಪಿಯು ತಪ್ಪಿತಸ್ಥನಲ್ಲ ಎಂದು ನಂಬಲು ಸಮಂಜಸ ಕಾರಣಗಳಿವೆ ಮತ್ತು ಹೊರಗೆ ಬಂದರೆ ಅಪರಾಧ ಮಾಡಲಾರ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗದ ಹೊರತು ಜಾಮೀನು ಕೊಡುವಂತಿಲ್ಲ. ದೋಷಾರೋಪಣಾ ಪಟ್ಟಿ ಸಲ್ಲಿಸಲು ಪೊಲೀಸರಿಗೆ ಸಿಗುವ ಗಡುವೂ ಇಂಥ ಪ್ರಕರಣಗಳಲ್ಲಿ 180 ದಿನಗಳಿಗೆ ಏರುತ್ತದೆ.

ಹುಡುಗನ ತಾಯಿ ಟೊಮ್ಯಾಟೊ ಮಂಡಿಯಲ್ಲಿ ಹಣ್ಣು ಆರಿಸುವ ಕೆಲಸಕ್ಕೆ ಹೋಗುವವರು. ಮೊದಲ ದಿನ ನನ್ನ ಕಚೇರಿಗೆ ಬಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. “ಸ್ವಾಮಿ, ಮೆಡಿಕಲ್ ಸ್ಟೋರಿನಾಗೆ ಮಾರೋ ಮಾತ್ರೆ ತಾನೇ ಅದು? ನಮ್ಮುಡುಗ ಏನು ಗಾಂಜಾ ತಕೊಂಡೋದ್ನಾ?”

ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾದರೆ ಕಾನೂನು ಈ ವಸ್ತುಗಳನ್ನು ಹೇಗೆ ವಿಂಗಡಿಸಿದೆ ಎಂಬಲ್ಲಿಂದ ಆರಂಭಿಸಬೇಕಾಗುತ್ತದೆ. 1985ರ ನವೆಂಬರ್ 14ರಂದು ಜಾರಿಗೆ ಬಂದ ಎನ್‌ಡಿಪಿಎಸ್ ಕಾಯ್ದೆಯು ಮೂರು ಗುಂಪುಗಳನ್ನು ಮಾಡುತ್ತದೆ. ಗಾಂಜಾ, ಅಫೀಮು, ಕೋಕಾ ಎಲೆ ಹಾಗೂ ಅವುಗಳಿಂದ ತಯಾರಾಗುವ ಮಾರ್ಫೀನ್, ಹೆರಾಯಿನ್, ಕೊಕೇನ್ ಮೊದಲಾದವು ಮಾದಕ ದ್ರವ್ಯಗಳು. ಕಾಯ್ದೆಗೆ ಲಗತ್ತಾದ ಅನುಸೂಚಿಯಲ್ಲಿ ಹೆಸರಿರುವ ಡಯಾಜೆಪಾಮ್, ನೈಟ್ರಾಜೆಪಾಮ್, ಅಲ್ಪ್ರಾಜೋಲಮ್ ಮುಂತಾದವು ಮನಸ್ಸಿನ ಮೇಲೆ ಪರಿಣಾಮ ಮಾಡುವ ವಸ್ತುಗಳು. ನೋವಿನ ಮಾತ್ರೆಯಾದ ಟ್ರಮಡಾಲ್ ಈ ಪಟ್ಟಿಗೆ ಸೇರಿದ್ದು 2018ರ ಏಪ್ರಿಲ್‌ನಲ್ಲಿ. ಇವುಗಳ ತಯಾರಿಕೆಗೆ ಬಳಕೆಯಾಗುವ ಅಸಿಟಿಕ್ ಅನ್‌ಹೈಡ್ರೈಡ್, ಎಫಿಡ್ರಿನ್‌ನಂಥ ರಾಸಾಯನಿಕಗಳು ಮೂರನೆಯ ಗುಂಪು. ಕಾಯ್ದೆಯ ಭಾಷೆಯಲ್ಲಿ ‘ನಿಯಂತ್ರಿತ ವಸ್ತು’ ಎಂಬ ಹೆಸರು ಸಲ್ಲುವುದು ಇವಕ್ಕೆ ಮಾತ್ರ.

ಹಾಗಾದರೆ ‘ನಿಷೇಧಿತ’ ಯಾವುದು? ಕಲಂ 8(ಸಿ) ಯಾವ ಮಾದಕ ದ್ರವ್ಯವನ್ನೂ ಮನೋಪರಿಣಾಮಕ ವಸ್ತುವನ್ನೂ ತಯಾರಿಸಬಾರದು, ಇಟ್ಟುಕೊಳ್ಳಬಾರದು, ಸಾಗಿಸಬಾರದು, ಮಾರಬಾರದು, ಬಳಸಬಾರದು ಎಂದು ಹೇಳಿ, ಅದೇ ಉಸಿರಿನಲ್ಲಿ ವೈದ್ಯಕೀಯ ಅಥವಾ ವೈಜ್ಞಾನಿಕ ಉದ್ದೇಶಕ್ಕೆ, ನಿಯಮಗಳು ಹೇಳಿದ ರೀತಿಯಲ್ಲಿ ಮಾಡಿದರೆ ಅಡ್ಡಿಯಿಲ್ಲ ಎನ್ನುತ್ತದೆ. ಅಂದರೆ ವೈದ್ಯರ ಚೀಟಿ ಹಿಡಿದು ಬಂದ ರೋಗಿಯ ಕೈಯಲ್ಲಿರುವ ಮಾತ್ರೆಯೂ ಈ ಹುಡುಗನ ಚೀಲದಲ್ಲಿದ್ದ ಮಾತ್ರೆಯೂ ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ತಯಾರಾಗಿದ್ದರೂ, ಒಂದು ಕಾನೂನುಬದ್ಧ, ಇನ್ನೊಂದು ಅಪರಾಧದ ವಸ್ತು. ಮಹಜರಿನಲ್ಲಿ ‘ನಿಷೇಧಿತ ಮಾತ್ರೆ’ ಎಂದು ಬರೆದುಬಿಟ್ಟರೆ ಈ ವ್ಯತ್ಯಾಸವನ್ನು ನಿರ್ಧರಿಸುವ ಪ್ರಶ್ನೆಗಳೆಲ್ಲ, ಅಂದರೆ ಯಾರ ಬಳಿ ಇತ್ತು, ಯಾವ ಕಾಗದದ ಮೇಲೆ, ಎಷ್ಟಿತ್ತು, ಹೇಗೆ ತೂಗಿದರು ಎಂಬುವೆಲ್ಲ, ಕೇಳುವ ಮೊದಲೇ ಮುಚ್ಚಿಹೋಗುತ್ತವೆ. ಪತ್ರಿಕಾ ವರದಿಗಳಲ್ಲೂ ಇದೇ ಪದ ಓಡಾಡುತ್ತದೆ. ನಾನು ಪ್ರತಿಯೊಂದು ಅರ್ಜಿಯಲ್ಲೂ ಈ ಪದವನ್ನು ಆಕ್ಷೇಪಿಸುತ್ತೇನೆ.

ಎರಡನೆಯ ವಿಂಗಡಣೆ 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯದು. ಅದರ ನಿಯಮಗಳಲ್ಲಿ ಅಲ್ಪ್ರಾಜೋಲಮ್ ಇರುವುದು ಷೆಡ್ಯೂಲ್ ಎಚ್-1ರಲ್ಲಿ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಈ ಪಟ್ಟಿಯ ಔಷಧಗಳನ್ನು ಮಾರುವಾಗ ಚೀಟಿ ಬರೆದ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು, ಕೊಟ್ಟ ಪ್ರಮಾಣ ಇವಿಷ್ಟನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಚಿಲ್ಲರೆ ಪರವಾನಗಿಯವರು ಇನ್ನೊಂದು ಅಂಗಡಿಗೆ ಸಗಟಾಗಿ ಕೊಡುವಂತಿಲ್ಲ. ಅದಕ್ಕೆ ಬೇರೆ ಪರವಾನಗಿ ಬೇಕು. ನಮ್ಮ ಪ್ರಕರಣದ ಮಾಲೀಕರು ಸಗಟು ವ್ಯಾಪಾರಿಯಿಂದ ಕೊಂಡ ಬಿಲ್ಲುಗಳು ಸರಿಯಾಗಿದ್ದವು, ಬ್ಯಾಚ್ ಸಂಖ್ಯೆಗಳೂ ಹೊಂದಿದವು. ಆದರೆ ಅರವತ್ತು ಸ್ಟ್ರಿಪ್ ಹೊರಗೆ ಹೋದ ಬಗ್ಗೆ ರಿಜಿಸ್ಟರಿನಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಇಲ್ಲಿ ನನ್ನ ಕಿರಿಯ ಸಹೋದ್ಯೋಗಿಯೊಬ್ಬರು ಸಿದ್ಧಪಡಿಸಿದ ಜಾಮೀನು ಅರ್ಜಿಯ ಮೊದಲ ಕರಡಿನ ಬಗ್ಗೆ ಹೇಳಬೇಕು. ಮಾತ್ರೆಯು ಪರವಾನಗಿ ಪಡೆದ ಅಂಗಡಿಯದ್ದು, ಆದ್ದರಿಂದ ಇದು ಔಷಧ ಕಾಯ್ದೆಯ ಉಲ್ಲಂಘನೆ ಮಾತ್ರ; ಅಲ್ಪ್ರಾಜೋಲಮ್ ಎನ್‌ಡಿಪಿಎಸ್ ನಿಯಮಗಳ ಒಂದನೇ ಅನುಸೂಚಿಯಲ್ಲಿ ಇಲ್ಲವಾದ್ದರಿಂದ ಎನ್‌ಡಿಪಿಎಸ್ ಅನ್ವಯಿಸುವುದೇ ಇಲ್ಲ ಎಂದು ಅವರು ರಾಜೇಶ್ ಕುಮಾರ್ ಗುಪ್ತಾ ಪ್ರಕರಣದ ಹಳೆಯ ತೀರ್ಪನ್ನು ಆಧರಿಸಿ ಬರೆದಿದ್ದರು. ವಾದ ಓದಲು ಚೆನ್ನಾಗಿತ್ತು. ಆದರೆ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2014ರಲ್ಲಿ ಸಂಜೀವ್ ದೇಶಪಾಂಡೆ ಪ್ರಕರಣದಲ್ಲಿ ಆ ನಿಲುವನ್ನು ತಳ್ಳಿಹಾಕಿ, ಕಾಯ್ದೆಯ ಅನುಸೂಚಿಯಲ್ಲಿ ಹೆಸರಿದ್ದರೆ ಸಾಕು, ನಿಯಮಗಳ ಅನುಸೂಚಿಯಲ್ಲಿ ಇಲ್ಲದಿದ್ದರೂ ಕಲಂ 8ರ ನಿರ್ಬಂಧ ಅನ್ವಯಿಸುತ್ತದೆ ಎಂದು ಹೇಳಿದೆ. 2018ರ ಡಿಸೆಂಬರಿನಲ್ಲಿ ಪಂಜಾಬ್ ರಾಜ್ಯ ವಿರುದ್ಧ ರಾಕೇಶ್ ಕುಮಾರ್ ಪ್ರಕರಣದಲ್ಲಿ, ಅಧಿಕೃತ ಅನುಮತಿಯಿಲ್ಲದೆ ಇಂಥ ಔಷಧಗಳನ್ನು ದೊಡ್ಡ ಪ್ರಮಾಣದಲ್ಲಿ ಇಟ್ಟುಕೊಂಡವರ ಮೇಲೆ ಔಷಧ ಕಾಯ್ದೆಯ ಜೊತೆಗೆ ಎನ್‌ಡಿಪಿಎಸ್ ಕೂಡ ಹಾಕಬಹುದೆಂಬುದು ಇತ್ಯರ್ಥವಾಯಿತು. ಈ ಎರಡು ಕಾನೂನುಗಳ ನಡುವಿನ ಕೊಂಡಿ ಎನ್‌ಡಿಪಿಎಸ್ ನಿಯಮ 65-ಎ: ಔಷಧ ನಿಯಮಗಳ ಪ್ರಕಾರವಲ್ಲದೆ ಯಾವ ಮನೋಪರಿಣಾಮಕ ವಸ್ತುವನ್ನೂ ಮಾರುವಂತಿಲ್ಲ, ಕೊಳ್ಳುವಂತಿಲ್ಲ, ಬಳಸುವಂತಿಲ್ಲ. ಹೀಗಾಗಿ ರಿಜಿಸ್ಟರ್ ಬರೆಯದ ಸಣ್ಣ ಲೋಪವೆಂದು ಅಂಗಡಿಯವರು ಭಾವಿಸುವುದೇ ಎನ್‌ಡಿಪಿಎಸ್ ಅಪರಾಧದ ಬಾಗಿಲನ್ನು ತೆರೆಯಬಲ್ಲದು. ನಾನು ಕರಡಿನ ಆ ಪುಟಗಳನ್ನು ತೆಗೆಸಿದೆ. ರದ್ದಾದ ತೀರ್ಪನ್ನು ನ್ಯಾಯಾಲಯದ ಮುಂದೆ ಇಟ್ಟರೆ ಸೋಲುವುದು ನಮ್ಮ ವಾದವಷ್ಟೇ ಆಗಿರುವುದಿಲ್ಲ, ಜೈಲಿನಲ್ಲಿರುವವನ ದಿನಗಳೂ ಹೋಗುತ್ತವೆ.

ಆದರೂ ಮೊದಲ ಜಾಮೀನು ಅರ್ಜಿ ವಜಾ ಆಯಿತು. ಕಾಗದದ ಮೇಲೆ 145 ಗ್ರಾಂ ಇದ್ದಾಗ ಕಲಂ 37ನ್ನು ದಾಟಿ ಹೋಗಲು ವಿಶೇಷ ನ್ಯಾಯಾಲಯಕ್ಕೆ ದಾರಿಯೇ ಇರಲಿಲ್ಲ. ಆ ಆದೇಶದಲ್ಲಿ ನಾನು ತಪ್ಪು ಕಾಣಲಾರೆ.

ಉಳಿದದ್ದು ತೂಕದ ಪ್ರಶ್ನೆ. 900 ಮಾತ್ರೆಗಳಲ್ಲಿ ಒಂದೊಂದರಲ್ಲೂ ಅರ್ಧ ಮಿಲಿಗ್ರಾಂ ಔಷಧ ಎಂದರೆ ಒಟ್ಟು 450 ಮಿಲಿಗ್ರಾಂ, ಅಂದರೆ ಅರ್ಧ ಗ್ರಾಮಿಗೂ ಕಡಿಮೆ. ಇದು 5 ಗ್ರಾಮಿನ ಅಲ್ಪ ಪ್ರಮಾಣದ ಹತ್ತನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ. 2008ರಲ್ಲಿ ಇ. ಮೈಕೇಲ್ ರಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಶುದ್ಧ ಔಷಧದ ತೂಕವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದಿತ್ತು. ಆ ಲೆಕ್ಕ ಉಳಿದಿದ್ದರೆ ಈ ಹುಡುಗನ ಮೇಲಿದ್ದ ಆರೋಪಕ್ಕೆ ಗರಿಷ್ಠ ಶಿಕ್ಷೆ ಒಂದು ವರ್ಷ. ಆದರೆ 2009ರ ನವೆಂಬರ್ 18ರ ಅಧಿಸೂಚನೆಯ ಮೂಲಕ ಕೇಂದ್ರ ಸರ್ಕಾರ ಪ್ರಮಾಣಗಳ ಕೋಷ್ಟಕಕ್ಕೆ ಒಂದು ಟಿಪ್ಪಣಿ ಸೇರಿಸಿತು: ಶುದ್ಧ ಅಂಶವನ್ನಷ್ಟೇ ಅಲ್ಲ, ಇಡೀ ಮಿಶ್ರಣವನ್ನು, ಮಾತ್ರೆಯಂಥ ಸಿದ್ಧ ರೂಪದಲ್ಲಿದ್ದರೆ ಆ ರೂಪವನ್ನೇ ತೂಗಬೇಕು. 2020ರ ಏಪ್ರಿಲ್ 22ರಂದು ಹೀರಾ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಈ ಟಿಪ್ಪಣಿಯನ್ನು ಎತ್ತಿಹಿಡಿದು ಮೈಕೇಲ್ ರಾಜ್ ತೀರ್ಪು ಸರಿಯಲ್ಲ ಎಂದಿತು.

ಬೀದಿಯಲ್ಲಿ ಮಾರುವ ಹೆರಾಯಿನ್ ಪೊಟ್ಟಣದ ವಿಷಯದಲ್ಲಿ ಈ ತೀರ್ಪಿನ ತರ್ಕ ನನಗೆ ಪೂರ್ಣವಾಗಿ ಒಪ್ಪಿಗೆ. ಅಲ್ಲಿ ಪುಡಿಗೆ ಪುಡಿ ಬೆರೆಸುವುದೇ ವ್ಯಾಪಾರ, ಕೊಳ್ಳುವವನ ದೇಹಕ್ಕೆ ಹೋಗುವುದೂ ಆ ಬೆರಕೆಯೇ. ಕಾರ್ಖಾನೆಯಿಂದ ಬಂದ ಮಾತ್ರೆಯ ಸ್ಥಿತಿ ಬೇರೆ. ಅದರಲ್ಲಿ ಎಷ್ಟು ಔಷಧವಿದೆ ಎಂಬುದು ಸ್ಟ್ರಿಪ್ಪಿನ ಮೇಲೆಯೇ ಮುದ್ರಿತವಾಗಿರುತ್ತದೆ. ಉಳಿದ ತೂಕವೆಲ್ಲ ಪಿಷ್ಟ ಮತ್ತು ಲ್ಯಾಕ್ಟೋಸ್‌ನಂಥ ತುಂಬುವಸ್ತು. 0.25 ಮಿಲಿಗ್ರಾಮಿನ ಮಾತ್ರೆಯೂ 0.5ರ ಮಾತ್ರೆಯೂ ಬಹುತೇಕ ಒಂದೇ ತೂಕದಲ್ಲಿರುವುದುಂಟು. ಆಗ ಅರ್ಧ ಶಕ್ತಿಯ ಮಾತ್ರೆ ಸಾಗಿಸಿದವನಿಗೂ ಅದೇ ಹತ್ತು ವರ್ಷ. ಹೋಲಿಕೆಗೆ ನೋಡಿ: ಗಾಂಜಾದ ವಾಣಿಜ್ಯ ಪ್ರಮಾಣ 20 ಕಿಲೋ. 19 ಕಿಲೋ ಗಾಂಜಾ ಹೊತ್ತವನಿಗೆ ಕನಿಷ್ಠ ಶಿಕ್ಷೆಯೂ ಇಲ್ಲ, ಕಲಂ 37ರ ತಡೆಯೂ ಇಲ್ಲ. ತಾಯಿ ಕೇಳಿದ್ದ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ ಇದು, ಮತ್ತು ಅದನ್ನು ಅವರಿಗೆ ಹೇಳುವುದು ಸುಲಭವಾಗಿರಲಿಲ್ಲ. ತೀರ್ಪನ್ನು ಬದಲಿಸುವುದು ಜಿಲ್ಲಾ ನ್ಯಾಯಾಲಯದ ಕೈಯಲ್ಲಿಲ್ಲ. ಟಿಪ್ಪಣಿಯಲ್ಲಿ ಸಿದ್ಧ ಮಾತ್ರೆಗಳಿಗೆ ಪ್ರತ್ಯೇಕ ಅಳತೆ ಇಡುವುದು ಸರ್ಕಾರಕ್ಕೆ ಸಾಧ್ಯವಿದೆ, ಇಡಬೇಕು ಎಂದು ನಾನು ನಂಬಿದ್ದೇನೆ.

ಆದರೆ ಟಿಪ್ಪಣಿಯೂ ತೀರ್ಪೂ ಮಾತನಾಡುವುದು ಮಿಶ್ರಣದ ಬಗ್ಗೆ, ಮಾತ್ರೆಯ ಬಗ್ಗೆ. ಅಲ್ಯೂಮಿನಿಯಂ ಹಾಳೆ ಮಿಶ್ರಣದ ಭಾಗವಲ್ಲ. ಸಂಜೆಯ ಮಹಜರಿನಲ್ಲಿ ಸ್ಟ್ರಿಪ್ ಸಮೇತ ತೂಗಿದ್ದು ನಮ್ಮ ಕಣ್ಣಿಗೆ ಬಿದ್ದದ್ದು ತಡವಾಗಿ, ಎರಡನೆಯ ಬಾರಿ ಓದುವಾಗ. ‘ಸ್ಟ್ರಿಪ್‌ಗಳನ್ನು ತೂಗಲಾಗಿ’ ಎಂಬ ಎರಡು ಪದಗಳು ಒಂದು ಉದ್ದನೆಯ ವಾಕ್ಯದ ನಡುವೆ ಅಡಗಿದ್ದವು. ಕಲಂ 52-ಎ ಪ್ರಕಾರ ವಶಪಡಿಸಿಕೊಂಡ ಮಾಲಿನ ಪಟ್ಟಿ ತಯಾರಿಸಿ, ಮ್ಯಾಜಿಸ್ಟ್ರೇಟರ ಎದುರು ದೃಢೀಕರಿಸಿ, ಅವರ ಸಮಕ್ಷಮದಲ್ಲೇ ಮಾದರಿ ತೆಗೆಯಬೇಕು; 2022ರ ಡಿಸೆಂಬರಿನಲ್ಲಿ ಬಂದ ಜಪ್ತಿ, ಸಂಗ್ರಹ ಮತ್ತು ವಿಲೇವಾರಿ ನಿಯಮಗಳು ಇದನ್ನು ಇನ್ನಷ್ಟು ಸ್ಪಷ್ಟಗೊಳಿಸಿವೆ. ಆ ದೃಢೀಕರಣದ ದಿನ ಮಾತ್ರೆಗಳನ್ನು ಹೊರತೆಗೆದು ತೂಗಬೇಕೆಂದು ನಾವು ಅರ್ಜಿ ಹಾಕಿದೆವು. ಸಾಕ್ಷ್ಯ ಹಾಳಾಗುತ್ತದೆ ಎಂದು ಸರ್ಕಾರಿ ಅಭಿಯೋಜಕರು ಆಕ್ಷೇಪಿಸಿದರು. ಮೊದಲು ಎಲ್ಲ ಸ್ಟ್ರಿಪ್‌ಗಳ ಬ್ಯಾಚ್ ಸಂಖ್ಯೆ ಬರೆದು, ಫೋಟೊ ತೆಗೆದು, ಖಾಲಿ ಹಾಳೆಗಳನ್ನು ಬೇರೆ ಕವರಿನಲ್ಲಿ ಮೊಹರು ಮಾಡಿ ಇಡುವ ಷರತ್ತಿನ ಮೇಲೆ ಮ್ಯಾಜಿಸ್ಟ್ರೇಟರು ಅನುಮತಿ ಕೊಟ್ಟರು.

ಮೇಜಿನ ಮೇಲೆ ಬಿಳಿ ಹಾಳೆ ಹಾಸಿ, ಇಬ್ಬರು ಸಿಬ್ಬಂದಿ ಹೆಬ್ಬೆರಳಿನಿಂದ ಒಂದೊಂದೇ ಮಾತ್ರೆಯನ್ನು ಒತ್ತಿ ತೆಗೆಯತೊಡಗಿದರು. ಮುದ್ರೆ ಹಾಕಿದ, ಪರಿಶೀಲಿತ ತಕ್ಕಡಿಯನ್ನು ತರಿಸಲಾಗಿತ್ತು. ಮೊದಲು ಐದು ಸ್ಟ್ರಿಪ್‌ಗಳ 75 ಮಾತ್ರೆಗಳನ್ನು ತೂಗಿದಾಗ 8.1 ಗ್ರಾಂ ಬಂತು. ಒಂದು ಮಾತ್ರೆಗೆ 108 ಮಿಲಿಗ್ರಾಂ. ಇದನ್ನೇ 900ಕ್ಕೆ ಗುಣಿಸಿ 97.2 ಗ್ರಾಂ ಎಂದು ಬರೆಯೋಣವೆಂದು ನಾನು ಕೇಳಿದೆ. ಗಡಿಯ ಹತ್ತಿರ ಇಷ್ಟು ಕಡಿಮೆ ಅಂತರವಿರುವಾಗ ಸರಾಸರಿ ಒಪ್ಪಲಾಗದು, ಎಲ್ಲವನ್ನೂ ತೂಗಲೇಬೇಕು ಎಂದು ಅಭಿಯೋಜಕರು ಪಟ್ಟು ಹಿಡಿದರು. ಅವರು ಹೇಳಿದ್ದು ನ್ಯಾಯವಾದ ಮಾತು. ಮೂರು ಗಂಟೆಗೂ ಹೆಚ್ಚು ಹಿಡಿಯಿತು. ಕೆಲವು ಮಾತ್ರೆಗಳು ಒತ್ತುವಾಗ ಎರಡಾದವು, ಕೆಲವು ಪುಡಿಯಾದವು. ಹಾಳೆಯ ಗುಳಿಗಳಲ್ಲಿ ಅಂಟಿದ್ದ ಬಿಳಿ ಪುಡಿಯನ್ನೂ ತಟ್ಟಿ ಕೆಡವಿ ತೂಕಕ್ಕೆ ಸೇರಿಸಬೇಕೆಂದು ಅವರು ಕೇಳಿದಾಗ ನಾವು ವಿರೋಧಿಸಲಿಲ್ಲ. ಕೊನೆಗೆ ತಕ್ಕಡಿ ತೋರಿಸಿದ್ದು 97.3 ಗ್ರಾಂ. ಖಾಲಿ ಹಾಳೆಗಳ ತೂಕ ಬೇರೆಯಾಗಿ 47 ಗ್ರಾಮಿನ ಆಸುಪಾಸು. ಮೊದಲ ದಿನದ 145ರಲ್ಲಿ ಮೂರನೇ ಒಂದು ಭಾಗ ಅಲ್ಯೂಮಿನಿಯಂ ಆಗಿತ್ತು.

ಈ 2.7 ಗ್ರಾಮಿನ ಅಂತರ ಪ್ರಕರಣದ ವರ್ಗವನ್ನೇ ಬದಲಿಸಿತು. ಅಲ್ಪಕ್ಕಿಂತ ಹೆಚ್ಚು, ವಾಣಿಜ್ಯಕ್ಕಿಂತ ಕಡಿಮೆ ಇರುವ ನಡುವಣ ಪ್ರಮಾಣಕ್ಕೆ ಅನ್ವಯಿಸುವುದು 22(ಬಿ): ಹತ್ತು ವರ್ಷದವರೆಗೆ ಶಿಕ್ಷೆ ವಿಧಿಸಬಹುದು, ಆದರೆ ಕನಿಷ್ಠ ಮಿತಿ ಇಲ್ಲ. ಕಲಂ 37ರ ಎರಡು ಷರತ್ತುಗಳು ದೂರವಾದವು. 180 ದಿನಗಳ ಗಡುವೂ ಹೋಗಿ ಸಾಮಾನ್ಯ ಕಾನೂನಿನ ಗಡುವು ಬಂತು. ವಯಸ್ಸು, ಹಿಂದಿನ ಯಾವ ಪ್ರಕರಣವೂ ಇಲ್ಲದಿರುವುದು, ಮಾಲೀಕರ ಆಜ್ಞೆಯಂತೆ ನಡೆದದ್ದು, ಖರೀದಿ ಬಿಲ್ಲುಗಳು ಸಿಕ್ಕಿರುವುದು ಇವನ್ನೆಲ್ಲ ಪರಿಗಣಿಸಿ ವಿಶೇಷ ನ್ಯಾಯಾಲಯವು ಎರಡನೆಯ ಅರ್ಜಿಯಲ್ಲಿ ಜಾಮೀನು ಮಂಜೂರು ಮಾಡಿತು. ಹುಡುಗ 47 ದಿನ ಒಳಗಿದ್ದ.

ಈ ನಡುವೆ ಊರಿನಲ್ಲಿ ಇನ್ನೊಂದು ಪರಿಣಾಮವಾಯಿತು. ಸುತ್ತಲಿನ ಅಂಗಡಿಯವರು ಹೆದರಿ ಅಲ್ಪ್ರಾಜೋಲಮ್ ಇಡುವುದನ್ನೇ ಬಿಟ್ಟರು. ಆತಂಕದ ಕಾಯಿಲೆಗೆ ವರ್ಷಗಳಿಂದ ಮಾತ್ರೆ ನುಂಗುತ್ತಿದ್ದ ವೃದ್ಧೆಯೊಬ್ಬರು, ಸರಿಯಾದ ಚೀಟಿ ಇದ್ದರೂ, ಬಸ್ಸು ಹತ್ತಿ ಕೋಲಾರಕ್ಕೆ ಹೋಗಬೇಕಾಯಿತು. ಈ ಔಷಧವನ್ನು ಒಮ್ಮೆಲೇ ನಿಲ್ಲಿಸಿದರೆ ನಿದ್ದೆ ಕೆಡುವುದು, ನಡುಕ, ಕೆಲವರಲ್ಲಿ ಫಿಟ್ಸ್ ಕೂಡ ಬರಬಹುದು. ರೋಗಿಗಳಿಗೆ ಕಾನೂನಿನಲ್ಲಿ ಇರುವ ರಕ್ಷಣೆಯನ್ನು ಯಾರೂ ಅವರಿಗೆ ಹೇಳುವುದಿಲ್ಲ: ಎನ್‌ಡಿಪಿಎಸ್ ನಿಯಮ 66ರ ಪ್ರಕಾರ ಸ್ವಂತ ಚಿಕಿತ್ಸೆಗಾಗಿ ಒಬ್ಬ ವ್ಯಕ್ತಿ ಒಂದು ಸಲಕ್ಕೆ 100 ಮಾತ್ರೆಗಳವರೆಗೆ ಇಟ್ಟುಕೊಳ್ಳಬಹುದು, ದೀರ್ಘಕಾಲದ ಚಿಕಿತ್ಸೆಗೆಂದು ನೋಂದಾಯಿತ ವೈದ್ಯರು ನಿರ್ದಿಷ್ಟವಾಗಿ ಬರೆದುಕೊಟ್ಟಿದ್ದರೆ 300ರವರೆಗೆ. ಚೀಟಿಯನ್ನು ಮಾತ್ರೆಯ ಜೊತೆಗೇ ಇಟ್ಟುಕೊಳ್ಳಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಅಂಗಡಿಯವರಿಗೂ ನನ್ನ ವಿನಂತಿ ಇದೇ: ರಿಜಿಸ್ಟರ್ ಬರೆಯಿರಿ, ಬಿಲ್ ಹಾಕಿ, ಆದರೆ ರೋಗಿಯನ್ನು ಬರಿಗೈಲಿ ಕಳುಹಿಸಬೇಡಿ.

ದೋಷಾರೋಪಣಾ ಪಟ್ಟಿ ಸಲ್ಲಿಕೆಯಾಯಿತು. ಹುಡುಗನನ್ನು ಪ್ರಕರಣದಿಂದಲೇ ಕೈಬಿಡಬೇಕೆಂಬ ನಮ್ಮ ಅರ್ಜಿ ವಜಾ ಆಗಿ ಅವನ ಮೇಲೂ ಮಾಲೀಕರ ಮೇಲೂ ಆರೋಪ ಹೊರಿಸಲಾಯಿತು. ಈಗ ಉಳಿದಿರುವ ಕಠಿಣ ಭಾಗ ಅರಿವಿನದು. ಕಲಂ 35ರ ಪ್ರಕಾರ ಆರೋಪಿಗೆ ಅಪರಾಧಿಕ ಮನಃಸ್ಥಿತಿ ಇತ್ತೆಂದು ನ್ಯಾಯಾಲಯ ಊಹಿಸುತ್ತದೆ. ಇರಲಿಲ್ಲವೆಂದು ಸಂಶಯಾತೀತವಾಗಿ ತೋರಿಸುವ ಹೊಣೆ ಆರೋಪಿಯದು. ಮೂಲ ಸಂಗತಿಗಳನ್ನು ಮೊದಲು ಅಭಿಯೋಜನೆಯೇ ಸಾಬೀತು ಮಾಡಬೇಕೆಂದು 2008ರ ನೂರ್ ಆಗಾ ತೀರ್ಪು ಹೇಳಿರುವುದು ನಮಗಿರುವ ಆಸರೆ. ಚೀಲದಲ್ಲಿದ್ದದ್ದು ಮಾತ್ರೆ ಎಂದು ಹುಡುಗನಿಗೆ ಗೊತ್ತಿತ್ತು, ಅದನ್ನು ಅವನು ಎಂದೂ ಅಲ್ಲಗಳೆದಿಲ್ಲ. ಯಾವ ಮಾತ್ರೆ, ಅದಕ್ಕೆ ಯಾವ ಕಾಗದ ಬೇಕು, ಆ ಇನ್ನೊಂದು ಅಂಗಡಿಯ ಪರವಾನಗಿ ಅಮಾನತಿನಲ್ಲಿತ್ತು ಎಂಬುದು ಗೊತ್ತಿತ್ತೇ ಎನ್ನುವುದು ಪ್ರಶ್ನೆ. ಅವನು ಕನ್ನಡ ಮಾಧ್ಯಮದಲ್ಲಿ ಏಳನೇ ತರಗತಿಯವರೆಗೆ ಓದಿದವನು.

ಸಾಕ್ಷ್ಯದ ಮೊದಲ ದಿನ ಔಷಧ ಪರಿವೀಕ್ಷಕರ ಪಾಟೀ ಸವಾಲಿನಲ್ಲಿ, ಮೊಹರು ಒಡೆದ ಕವರಿನಿಂದ ಒಂದು ಖಾಲಿ ಹಾಳೆ ತೆಗೆದು ಅದರ ಮೇಲಿನ ಬರಹವನ್ನು ಓದುವಂತೆ ಕೇಳಿದೆ. ಎಡ ಮೇಲ್ತುದಿಯಲ್ಲಿ ಎನ್‌ಡಿಪಿಎಸ್ ವ್ಯಾಪ್ತಿಯ ಔಷಧವೆಂದು ಸೂಚಿಸುವ ಕೆಂಪು ಅಕ್ಷರದ ಎನ್‌ಆರ್‌ಎಕ್ಸ್ ಗುರುತು, ಕೆಂಪು ಚೌಕಟ್ಟಿನೊಳಗೆ ಷೆಡ್ಯೂಲ್ ಎಚ್-1ರ ಎಚ್ಚರಿಕೆ. ಎಲ್ಲವೂ ಇಂಗ್ಲಿಷಿನಲ್ಲಿತ್ತು. ದಾಖಲೆಗಾಗಿ ಕನ್ನಡದಲ್ಲಿ ಹೇಳಿ ಎಂದು ನ್ಯಾಯಾಧೀಶರು ಸೂಚಿಸಿದರು. “ವೈದ್ಯರ ಸಲಹೆಯಂತೆ ಹೊರತು ಈ ಔಷಧವನ್ನು ಸೇವಿಸುವುದು ಅಪಾಯಕಾರಿ. ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಚಿಲ್ಲರೆಯಾಗಿ ಮಾರತಕ್ಕದ್ದಲ್ಲ” ಎಂದು ಅವರು ಅನುವಾದಿಸಿ ಹೇಳಿದರು, ಬೆರಳಚ್ಚುಗಾರರು ಬರೆದುಕೊಂಡರು. ಈ ಬರಹ ಅಂಗಡಿಯ ಸಹಾಯಕನಿಗೆ ಅರ್ಥವಾಗುವ ಭಾಷೆಯಲ್ಲಿ ಎಲ್ಲಾದರೂ ಇದೆಯೇ ಎಂದು ಕೇಳಿದೆ, ಇಲ್ಲ ಎಂದರು. ಆರೋಪಿಗಳ ಕಟಕಟೆಯಲ್ಲಿ ನಿಂತಿದ್ದ ಹುಡುಗ ಆ ಎರಡು ವಾಕ್ಯಗಳನ್ನು ಕೇಳಿಸಿಕೊಳ್ಳಲು ತಲೆ ಮುಂದೆ ಚಾಚಿದ್ದ. ಮುಂದಿನ ತಾರೀಖಿಗೆ ಸಗಟು ವ್ಯಾಪಾರಿಯ ಲೆಕ್ಕದ ಗುಮಾಸ್ತರ ಸಾಕ್ಷ್ಯ ನಿಗದಿಯಾಗಿದೆ.